ನೀರಕ್ಕನ ನಾಲ್ಕನೇ ಫ್ಲಾಸ್ಕು

ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ನೀರು ಪರೀಕ್ಷೆ ಮಾಡುತ್ತ ಬಂದವಳನ್ನು ಜನ ನೀರಕ್ಕ ಎಂದು ಕರೆದರೆ ಅದರಲ್ಲಿ ಯಾರ ಜಾಣತನವೂ ಇಲ್ಲ. ಆದರೆ ಆ ಹೆಸರು ಅವಳಿಗೆ ಒಗ್ಗಿದಷ್ಟು ಹೆತ್ತವರು ಇಟ್ಟ ಹೆಸರೂ ಒಗ್ಗಿರಲಿಲ್ಲ. ಯಾರ ಮನೆಗೆ ಹೋದರೂ ಲೋಟ ಕೈಗೆ ಬಂದ ಕೂಡಲೇ ಮೊದಲು ಅವಳ ಮೂಗು ಕೆಲಸಕ್ಕೆ ಇಳಿಯುತ್ತಿತ್ತು, ತುಟಿಯ ಸರದಿ ಆಮೇಲೆ. "ತೊಟ್ಟಿ ತೊಳೆದು ಎಷ್ಟು ದಿನ ಆಯ್ತು?" ಎಂದು ಕೇಳಿ ಎಷ್ಟು ನೆಂಟರ ಮುಖ ಸಣ್ಣದು ಮಾಡಿದ್ದಾಳೋ! ಅವಳ ಗಂಡ ದರ್ಜಿ. ಬಟ್ಟೆಗೆ ಇರುವಷ್ಟೇ ಹರಿತವಾದ ಕತ್ತರಿ ಅವನ ನಾಲಿಗೆಯಲ್ಲೂ ಇತ್ತು. ಎಲ್ಲಿಗೆ ಹೋದರೂ ಬಾಗಿಲಲ್ಲೇ, "ನನ್ನ ಹೆಂಡ್ತಿಗೆ ಟೀ ಬೇಕಾದ್ರೆ ಕೊಡಿ, ನೀರು ಮಾತ್ರ ಕೊಡಬೇಡಿ. ನೀವು ನೀರು ಕೊಟ್ರೆ ಅವಳು ರಿಪೋರ್ಟು ಕೊಡ್ತಾಳೆ" ಎಂದು ಮುಂಚಿತವಾಗಿ ಹೇಳಿಬಿಡುತ್ತಿದ್ದ.

ಪ್ರಯೋಗಾಲಯ ಎಂದಾಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಪಂಪ್‌ಹೌಸಿನ ಹಿಂದಿನ ಕಟ್ಟಡದ ಮಹಡಿಯ ಮೇಲೆ ಒಂದು ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಗಾಜಿನ ಸಾಮಾನು, ಕಿಟಕಿಯಾಚೆ ಹಗಲಿಡೀ ಗುಂಯ್ ಎನ್ನುವ ಪಂಪು. ಬೆಳಿಗ್ಗೆ ಒಂಬತ್ತಕ್ಕೆ ಬೇರೆ ಬೇರೆ ಬಡಾವಣೆಯ ನಲ್ಲಿಗಳಿಂದ ಬಾಟಲಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ನೀರು ಗಡಸೋ ಮೆದುವೋ ಎಂದು ನೋಡುವುದು ನೀರಕ್ಕನಿಗೆ ಬಲು ಇಷ್ಟದ ಕೆಲಸ. ಫ್ಲಾಸ್ಕಿನಲ್ಲಿ ಸ್ವಲ್ಪ ನೀರು, ಅದಕ್ಕೆ ಚಿಟಿಕೆ ಬಣ್ಣದ ಪುಡಿ, ನೀರು ಕೆಂಪಾಗುತ್ತದೆ. ಮೇಲಿನ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಮದ್ದು ಬಿಡುತ್ತ ಹೋದರೆ ಯಾವುದೋ ಒಂದು ಹನಿಗೆ ಕೆಂಪೆಲ್ಲ ನೀಲಿಗೆ ತಿರುಗುತ್ತದೆ. ಎಷ್ಟು ಹನಿ ಬೇಕಾಯಿತೋ ಅಷ್ಟು ಗಡಸು. ಬೇರೆಯವರು ಆ ಹನಿಯನ್ನು ದಾಟಿ ನಾಲ್ಕು ಹನಿ ಮುಂದೆ ಹೋಗುತ್ತಿದ್ದರು. ನೀರಕ್ಕನ ಬೆರಳು ಅದೇ ಹನಿಗೆ ನಿಲ್ಲುತ್ತಿತ್ತು.

ಅವಳಿಗೆ ಎರಡು ಕಟ್ಟುನಿಟ್ಟುಗಳಿದ್ದವು. ಒಂದು, ಒಂದೇ ಬಾಟಲಿಯ ಮಾತು ನಂಬಬಾರದು. ಒಂದು ಬೀದಿಯ ನೀರಿನ ಗುಣ ತಿಳಿಯಬೇಕಾದರೆ ಮೂರು ನಲ್ಲಿಯ ನೀರು ತರಬೇಕು. ಎರಡು, ಆ ಮೂರು ಫ್ಲಾಸ್ಕಿನ ಪಕ್ಕದಲ್ಲಿ ನಾಲ್ಕನೆಯದೊಂದು ಇಡಲೇಬೇಕು. ಅದರಲ್ಲಿ ನಲ್ಲಿ ನೀರಿಲ್ಲ, ಬರೀ ಬಟ್ಟಿ ಇಳಿಸಿದ ಶುದ್ಧ ನೀರು. ಅದಕ್ಕೂ ಅದೇ ಪುಡಿ, ಅದೇ ಮದ್ದು. ಏನೂ ಇಲ್ಲದ ನೀರು ಏನು ತೋರಿಸುತ್ತದೆ ಎಂದು ಮೊದಲು ನೋಡಿಕೊಂಡರೆ ತಾನೆ ಉಳಿದದ್ದು ನಂಬಲು ಯೋಗ್ಯ? ಇದಕ್ಕೆ ಪ್ರಯೋಗಾಲಯದ ಭಾಷೆಯಲ್ಲಿ ಬ್ಲ್ಯಾಂಕ್ ಎಂದು ಹೆಸರು. ಬ್ಲ್ಯಾಂಕ್ ಇಡದೆ ಅಂಕಿ ಬರೆದವರನ್ನು ನೀರಕ್ಕ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು.

ಇಷ್ಟೆಲ್ಲ ಇದ್ದೂ ಅವಳಿಗೊಂದು ಕೊರಗಿತ್ತು. ಇಪ್ಪತ್ತು ವರ್ಷದಿಂದ ಅಂಕಿ ಬರೆಯುವವಳು ಅವಳು, ಕೆಳಗೆ "ಈ ನೀರು ಕುಡಿಯಲು ಯೋಗ್ಯ" ಎಂದು ಸಹಿ ಹಾಕುವವರು ಒಳಗಿನ ಕೋಣೆಯ ಸಾಹೇಬರು. ಆ ಸಹಿ ತನ್ನದಾಗಬೇಕೆಂದು ಅವಳಿಗೆ ಆಸೆಯಿತ್ತು. ಚಕ್ರ ಮುರಿದ ಆ ಕುರ್ಚಿಯ ಮೇಲೆ ಮೋಹವೇನೂ ಇರಲಿಲ್ಲ, ಸಹಿಯ ಮೇಲಿತ್ತು. ಅದೂ ಸಣ್ಣ ಆಸೆಯಲ್ಲ, ಹೊಟ್ಟೆಯೊಳಗೆ ಕೂತು ಕುಟುಕುವಂಥ ಆಸೆ. ಆದರೆ ಈಗಿನ ಸಾಹೇಬರು ಎಂ.ಎಸ್ಸಿ., ಅವರಿಗಿಂತ ಹಿಂದಿನವರೂ ಎಂ.ಎಸ್ಸಿ. ನೀರಕ್ಕ ಬರೀ ಬಿ.ಎಸ್ಸಿ. ಮುಗಿಯಿತಲ್ಲ!

ಈಗ ಸಾಹೇಬರು ನಾಲ್ಕು ತಿಂಗಳಲ್ಲಿ ನಿವೃತ್ತರಾಗುವವರಿದ್ದರು. ಸೋಮವಾರ ಬೆಳಿಗ್ಗೆ ನೀರಕ್ಕ ಮೆಟ್ಟಿಲು ಹತ್ತಿ ಬಂದಾಗ ನೋಟಿಸ್ ಬೋರ್ಡಿನಲ್ಲಿ ಒಂದು ಹೊಸ ಹಾಳೆ ಗಾಳಿಗೆ ಪಟಪಟ ಅನ್ನುತ್ತಿತ್ತು. "ಮುಖ್ಯ ವಿಶ್ಲೇಷಕರ ಹುದ್ದೆಗೆ ಅರ್ಜಿ" ಎಂಬ ದಪ್ಪಕ್ಷರ ಕಣ್ಣಿಗೆ ಬಿತ್ತು. ನಮ್ಮದಲ್ಲದ ಊರಿಗೆ ದಾರಿ ಯಾಕೆ ಕೇಳಬೇಕು ಎಂದುಕೊಂಡು, ಸಡಿಲವಾಗಿದ್ದ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿ ಭದ್ರ ಮಾಡಿ ಒಳಗೆ ಹೋದಳು.

ಅದೇ ದಿನ ಪತ್ರಿಕೆಯಲ್ಲಿ ಇನ್ನೊಂದು ಪ್ರಕಟಣೆ ಇತ್ತು. ಕೆಲಸದಲ್ಲಿರುವವರಿಗಾಗಿ ಸಂಜೆ ಎಂ.ಎಸ್ಸಿ., ಎರಡು ವರ್ಷ, ವಾರಕ್ಕೆ ನಾಲ್ಕು ಸಂಜೆ, ಅರ್ಜಿಗೆ ಶನಿವಾರ ಕೊನೆಯ ದಿನ. ನೀರಕ್ಕ ಅದನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡಳು. ಈ ಸಲವಂತೂ ಹೊರಗಿನಿಂದ ಯಾರೋ ಬಂದು ಕೂರುತ್ತಾರೆ, ಐದಾರು ವರ್ಷ ಇರುತ್ತಾರೆ, ಮುಂದಿನ ಸಲಕ್ಕಾದರೂ ಕೈಯಲ್ಲಿ ಡಿಗ್ರಿ ಇರಲಿ ಎಂಬುದು ಅವಳ ಲೆಕ್ಕ. ಆಗ ಅವಳಿಗೆ ಐವತ್ತು ದಾಟಿರುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನೆನಪಾಯಿತು. ಐವತ್ತಕ್ಕೆ ಹಲ್ಲೇನೂ ಉದುರುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸಂಜೆ ಮನೆಯಲ್ಲಿ ಸುದ್ದಿ ಹೊರಗೆ ಬಿತ್ತು. ಮುಂದಿನ ಕೋಣೆಯೇ ಗಂಡನ ಅಂಗಡಿ. ಏಳು ಗಂಟೆಗೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದರೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇಸ್ಪೀಟು ಶುರು. ಗಂಡ, ಹೆಂಡತಿ, ಎಪ್ಪತ್ತೆಂಟರ ಅತ್ತೆ, ಪಂದ್ಯಕ್ಕೆ ಹುರಿಗಡಲೆ. ಹನ್ನೆರಡು ವರ್ಷದಿಂದ ಈ ಆಟ ನಡೆದಿತ್ತು, ಹನ್ನೆರಡು ವರ್ಷದಿಂದಲೂ ಹೆಚ್ಚು ಸಲ ಅತ್ತೆಯೇ ಗೆಲ್ಲುತ್ತಿದ್ದರು. ಎರಡು ಜೋಕರಿನಲ್ಲಿ ಒಂದು ಆಟದ ನಡುವೆ ಎಲ್ಲಿಗೋ ಮಾಯವಾಗಿ, ಕೊನೆಗೆ ಅತ್ತೆಯ ಕೈಯಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಮಗನಿಗೂ ಸೊಸೆಗೂ ಗುಮಾನಿ ಇದ್ದೇ ಇತ್ತು. ಆದರೆ ಹಿರಿಯರನ್ನು ಹಾಗೆಲ್ಲ ಕೇಳುವುದು ಹೇಗೆ ಎಂದು ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಸೋಲುತ್ತಿದ್ದರು.

"ಓದು, ನಾನೇನು ಬೇಡ ಅಂದ್ನಾ?" ಎಂದರು ಅತ್ತೆ, ಎಲೆ ಹಂಚುತ್ತ. "ಆದ್ರೆ ವಾರಕ್ಕೆ ನಾಲ್ಕು ದಿನ ನಾನು ಇವನೊಬ್ಬನ ಮುಖ ನೋಡ್ಕೊಂಡು ಆಡಬೇಕು. ಹೆತ್ತ ಮಗನನ್ನ ಸೋಲಿಸಿದ್ರೆ ಹೊಟ್ಟೆ ಉರಿಯುತ್ತೆ. ಅವನ ಕೈಲಿ ಸೋತ್ರೆ ಇನ್ನೂ ಜಾಸ್ತಿ ಉರಿಯುತ್ತೆ."

"ನೀನು ಓದಿದ್ರೆ ನಿನ್ನ ಸಂಬಳ ಜಾಸ್ತಿ ಆಗುತ್ತೋ ಇಲ್ವೋ, ನನ್ನ ಅಡುಗೆ ಕೆಲಸ ಮಾತ್ರ ಜಾಸ್ತಿ ಆಗುತ್ತೆ" ಎಂದ ಗಂಡ. ಆಮೇಲೆ ಹೆಂಡತಿಯ ಮುಖ ನೋಡಿ ದನಿ ಇಳಿಸಿದ. "ತಮಾಷೆ ಕಣೇ. ನಿನಗೆ ಬೇಕಾದ್ರೆ ಮಾಡು. ಬೇಕಾ ಬೇಡ್ವಾ ಅಂತ ನೀನೇ ಅಳತೆ ತಗೋ, ಹೊಲಿಯೋಕೆ ನಾನಿದ್ದೀನಿ."

ಅಳತೆ ತೆಗೆದುಕೊಳ್ಳುವುದನ್ನು ನೀರಕ್ಕನಿಗೆ ಹೇಳಿಕೊಡಬೇಕೆ? ಮೂರು ನಲ್ಲಿಯಿಂದ ನೀರು ತರುವ ಹಾಗೆ ಎಂ.ಎಸ್ಸಿ. ಮಾಡಿದ ಮೂವರನ್ನು ಕೇಳಿಬಿಡೋಣ ಎಂದು ತೀರ್ಮಾನಿಸಿದಳು.

ಮೊದಲನೆಯವಳು ಕಾಲೇಜಿನ ಗೆಳತಿ. ಹಾಲಿನ ಡೇರಿಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥೆ, ಮೂವತ್ತೆಂಟರಲ್ಲಿ ಎಂ.ಎಸ್ಸಿ. ಮಾಡಿದವಳು. ಮಂಗಳವಾರ ಸಂಜೆ ನೀರಕ್ಕ ಅಲ್ಲಿಗೆ ಹೋದಾಗ ಬಾಗಿಲ ಮೇಲೆ ಗೆಳತಿಯ ಹೆಸರಿನ ಫಲಕ ಕಂಡು ಕಣ್ಣು ಅಲ್ಲೇ ಅಂಟಿಕೊಂಡಿತು. ಗೆಳತಿ ಡೇರಿಯ ಗಟ್ಟಿ ಹಾಲು ಕುಡಿಸಿ, "ಕಣ್ಣು ಮುಚ್ಕೊಂಡು ಸೇರು ಕಣೇ. ಡಿಗ್ರಿ ಇಲ್ದೆ ಇದ್ರೆ ನಾನಿವತ್ತು ಇಲ್ಲಿ ಇರ್ತಾ ಇರ್ಲಿಲ್ಲ" ಎಂದಳು.

"ಡಿಗ್ರಿ ಬಂದು ಎಷ್ಟು ದಿನಕ್ಕೆ ಬಡ್ತಿ ಬಂತು?" ಎಂದು ನೀರಕ್ಕ ಕೇಳಿದಳು. ಅಂಕಿ ಸಿಗದೆ ಅವಳಿಗೆ ಸಮಾಧಾನವಿಲ್ಲ.

ಗೆಳತಿ ಬೆರಳು ಮಡಿಸಿ ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. "ಬಡ್ತಿ ಬಂದಾಗ ನಾನಿನ್ನೂ ಮೊದಲನೇ ವರ್ಷದಲ್ಲಿದ್ದೆ. ಹಾಗಂತ ಡಿಗ್ರಿಯಿಂದ ಅಲ್ಲ ಅನ್ನೋಕಾಗುತ್ತಾ? ಸೇರಿದ್ದೀನಿ ಅನ್ನೋ ಧೈರ್ಯಕ್ಕೇ ಬಂದಿದ್ದು ಅದು!"

ಎರಡನೆಯವನು ಮೈದುನ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತುವ ಕೆಲಸ. ಎಂ.ಎಸ್ಸಿ. ಒಂದೇ ಅಲ್ಲ, ಒಟ್ಟು ಮೂರು ವಿಷಯಗಳಲ್ಲಿ ಸ್ನಾತಕೋತ್ತರ ಪದವಿ. ಮೂರಕ್ಕೂ ಗಾಜಿನ ಚೌಕಟ್ಟು ಹಾಕಿಸಿ ಮೆಟ್ಟಿಲ ಗೋಡೆಗೆ ತೂಗುಹಾಕಿದ್ದ. ಹದಿನೆಂಟು ವರ್ಷದಿಂದ ಅದೇ ಕೌಂಟರು, ಅದೇ ಮುದ್ರೆ.

"ಇಷ್ಟು ಓದಿ ಏನು ಸಿಕ್ತು?" ಎಂದಳು ನೀರಕ್ಕ.

"ಗೋಡೆ ತುಂಬಿತು ಅತ್ತಿಗೆ" ಎಂದು ನಕ್ಕ. "ಸುಣ್ಣ ಬಳಿಸೋ ಖರ್ಚು ಉಳೀತು. ಅಲ್ಲ, ನಿಜ ಹೇಳ್ತೀನಿ, ನನಗೆ ಓದೋದೇ ಒಂದು ಚಟ. ಕೆಲವರಿಗೆ ಸಿಗರೇಟು, ನನಗೆ ಸಿಲಬಸ್ಸು. ಬಡ್ತಿ ಬೇಕು ಅಂತ ಓದಿದ್ರೆ ಇಷ್ಟೊತ್ತಿಗೆ ಹುಚ್ಚು ಹಿಡೀತಿತ್ತು."

ಮೂರನೆಯವಳು ನೀರಕ್ಕನ ಪ್ರಯೋಗಾಲಯಕ್ಕೇ ವರ್ಷದ ಹಿಂದೆ ಬಂದು ಸೇರಿದ ಹುಡುಗಿ. ಎಲ್ಲರೂ ಅವಳನ್ನು ಎಂಎಸ್ಸಿ ಎಂದೇ ಕರೆಯುತ್ತಿದ್ದರು. ಯಾರೂ ಮುಟ್ಟಲು ಹೆದರುತ್ತಿದ್ದ ಹೊಸ ಯಂತ್ರವನ್ನು ಬಂದ ವಾರವೇ ಬಿಚ್ಚಿ ಜೋಡಿಸಿ ನಡೆಸಿದವಳು. ಗುರುವಾರ ಊಟದ ಹೊತ್ತಿನಲ್ಲಿ ನೀರಕ್ಕ ಅವಳನ್ನೂ ಕೇಳಿದಳು.

"ಬಿಎಸ್ಸಿ ಮುಗಿದಾಗ ಎಲ್ಲೂ ಕೆಲಸ ಸಿಗಲಿಲ್ಲ ಅಕ್ಕ, ಮನೇಲಿ ಸುಮ್ನೆ ಕೂರೋ ಬದಲು ಎಂಎಸ್ಸಿ ಮಾಡ್ದೆ" ಎಂದಳು ಹುಡುಗಿ. "ಕಲಿತಿದ್ದು ವ್ಯರ್ಥ ಏನೂ ಆಗಿಲ್ಲ. ಆ ಯಂತ್ರ ಅಲ್ಲೇ ಕಲಿತಿದ್ದು. ಆದ್ರೆ ನಿಮ್ಮ ಹಾಗೆ ಒಂದು ಹನಿಗೆ ನಿಲ್ಲಿಸೋದನ್ನ ಅಲ್ಲಿ ಯಾರೂ ಕಲಿಸಲಿಲ್ಲ."

ಮೂರು ನಲ್ಲಿ, ಮೂರು ರುಚಿ. ಒಂದು ಸಿಹಿ, ಒಂದು ಒಗರು, ಒಂದು ಅತ್ತಲೂ ಅಲ್ಲ ಇತ್ತಲೂ ಅಲ್ಲ. ಆ ರಾತ್ರಿ ಆಟದಲ್ಲಿ ನೀರಕ್ಕ ರಾಣಿಯನ್ನು ರಾಜನೆಂದು ಜೋಡಿಸಿ ಎಲೆ ಇಳಿಸಿದಳು. ಅತ್ತೆ ಅವಳ ಹುರಿಗಡಲೆಯನ್ನೆಲ್ಲ ಬಾಚಿಕೊಂಡು, "ಇನ್ನೂ ಕಾಲೇಜಿಗೆ ಸೇರೇ ಇಲ್ಲ, ಆಗ್ಲೇ ಫೇಲು" ಎಂದರು.

ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಎಂಎಸ್ಸಿ ಹುಡುಗಿ ನೀರಕ್ಕನ ಮೇಜಿಗೆ ಓಡಿ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. "ಅಕ್ಕ, ಹನ್ನೆರಡು ಬಾಟಲಿನೂ ಗಡಸು! ಒಂದಕ್ಕಿಂತ ಒಂದು ಜಾಸ್ತಿ. ಪಂಪ್‌ಹೌಸಿಗೆ ಫೋನ್ ಮಾಡಿ ನೀರು ನಿಲ್ಲಿಸಿ ಅಂತ ಹೇಳ್ಲಾ?"

ಅರ್ಧ ಊರಿನ ನೀರು ನಿಲ್ಲುವ ಮಾತು. ನೀರಕ್ಕ ಗಾಬರಿಯಾಗಲಿಲ್ಲ. ಹನ್ನೆರಡು ಬಡಾವಣೆಯ ನೀರು ಒಂದೇ ಬೆಳಗ್ಗೆ ಒಟ್ಟಿಗೆ ಮಾತಾಡಿಕೊಂಡು ಕೆಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. "ಬ್ಲ್ಯಾಂಕ್ ಎಲ್ಲಿ?" ಎಂದಳು.

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಬಾಟಲಿ ಜಾಸ್ತಿ ಇದ್ದವೆಂದು ಅವತ್ತು ಇಟ್ಟಿರಲಿಲ್ಲ.

ನೀರಕ್ಕ ಒಂದು ಫ್ಲಾಸ್ಕಿಗೆ ಕ್ಯಾನಿನಿಂದ ಬಟ್ಟಿ ನೀರು ಬಗ್ಗಿಸಿ ಚಿಟಿಕೆ ಪುಡಿ ಹಾಕಿದಳು. ಶುದ್ಧ ನೀರಾದರೆ ಪುಡಿ ಬಿದ್ದೊಡನೆ ನೀಲಿಯಾಗಬೇಕು. ಇದು ಕೆಂಪಗೆ ನಗುತ್ತಿತ್ತು. ಕ್ಯಾನು ತೊಳೆದವರು ಯಾರೋ ಒಳಗೆ ಅರ್ಧದಷ್ಟು ನಲ್ಲಿ ನೀರು ಉಳಿಸಿಬಿಟ್ಟಿದ್ದರು. ಪ್ರತಿ ಬಾಟಲಿಯ ನೀರನ್ನೂ ತೆಳುವಾಗಿಸಲು ಅದೇ ಕ್ಯಾನಿನ ನೀರು ಬೆರೆಸಿ ಅಳೆದದ್ದರಿಂದ ಹನ್ನೆರಡೂ ಗಡಸಾಗಿ ಕಂಡಿದ್ದವು. ಊರಿನ ನೀರು ಚೆನ್ನಾಗಿಯೇ ಇತ್ತು.

"ಏನೂ ಇಲ್ದೆ ಇದ್ದಾಗ ಏನು ಬರುತ್ತೆ ಅಂತ ಒಂದು ಸಲ ನೋಡ್ದೆ, ಇದ್ದಾಗ ಬಂದಿದ್ದನ್ನ ಹಾಗೇ ನಂಬಿಬಿಟ್ಯಾ?" ಎಂದು ನೀರಕ್ಕ ರೇಗಿದಳು. ಮಾತು ಮುಗಿದರೂ ಬಾಯಿ ತೆರೆದೇ ಇತ್ತು. ಕೈಯಲ್ಲಿದ್ದ ಕೆಂಪು ಫ್ಲಾಸ್ಕನ್ನೇ ನೋಡುತ್ತ ನಿಂತಳು.

ಎಂ.ಎಸ್ಸಿ. ಮಾಡಿದ ಮೂವರನ್ನು ಕೇಳಿದ್ದಳು. ಆ ಡಿಗ್ರಿ ಇಲ್ಲದೆ ಹೋದರೆ ಏನಾಗುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ಕೇಳಬೇಕಾದವರು ಹತ್ತು ಹೆಜ್ಜೆ ದೂರದ ಕೋಣೆಯಲ್ಲಿದ್ದರು. ಫ್ಲಾಸ್ಕು ಕೆಳಗಿಡುವುದನ್ನೂ ಮರೆತು ನೀರಕ್ಕ ಸಾಹೇಬರ ಬಾಗಿಲು ತಟ್ಟಿದಳು.

ಸಾಹೇಬರು ಹಳೆಯ ಫೈಲುಗಳನ್ನು ಕಟ್ಟುತ್ತ ಕೂತಿದ್ದರು. ಸಾಧು ಮನುಷ್ಯ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ದನಿ ಎತ್ತಿದವರಲ್ಲ.

"ಸಾರ್, ಒಂದು ಮಾತು. ಎಂಎಸ್ಸಿ ಇಲ್ದೆ ನಿಮ್ಮ ಜಾಗಕ್ಕೆ ಬರೋಕೆ ಆಗೋದೇ ಇಲ್ವಾ?"

ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ಹೊರಗೆ ನೋಟಿಸು ಹಾಕಿದ್ದಾರಲ್ಲ, ಓದಿಲ್ವಾ?"

ನೀರಕ್ಕ ಬೋರ್ಡಿನ ಹತ್ತಿರ ಹೋದಳು. ಸೋಮವಾರ ತಾನೇ ಒತ್ತಿದ ಪಿನ್ನು ಹಾಗೇ ಭದ್ರವಾಗಿತ್ತು. ದಪ್ಪಕ್ಷರದ ಕೆಳಗೆ ನಾಲ್ಕನೇ ಸಾಲಿನಲ್ಲಿ ಇತ್ತು: ಸ್ನಾತಕೋತ್ತರ ಪದವಿ ಮತ್ತು ಐದು ವರ್ಷದ ಅನುಭವ, ಅಥವಾ ಪದವಿ ಮತ್ತು ಎಂಟು ವರ್ಷದ ಅನುಭವ. ಎರಡು ಸಲ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದೆಂದರೆ ಇದೇ.

"ಈ ನಿಯಮ ಹೊಸದಾ ಸಾರ್?" ಎಂದಳು ವಾಪಸು ಬಂದು.

"ನಾನು ಬಂದಾಗಲೂ ಇದೇ ಇತ್ತು." ಸಾಹೇಬರು ಫೈಲಿನ ದಾರ ಬಿಟ್ಟು ನೆಟ್ಟಗೆ ಕೂತರು. "ಆಗ ಸಂದರ್ಶನದಲ್ಲಿ ಅವರು ಮೊದಲು ಕೇಳಿದ್ದೇ, ಅಲ್ಲಿ ಒಂಬತ್ತು ವರ್ಷದಿಂದ ಒಬ್ಬರಿದ್ದಾರಲ್ಲ, ಅವರು ಯಾಕೆ ಅರ್ಜಿ ಹಾಕಿಲ್ಲ ಅಂತ. ನಾನು ಹೊರಗಿನವನು, ನನಗೇನು ಗೊತ್ತು? ನಿಮ್ಮ ಅರ್ಜಿ ಬಂದಿದ್ರೆ ಈ ಕುರ್ಚಿ ನನಗೆ ಸಿಗ್ತಾ ಇರ್ಲಿಲ್ಲ."

"ಒಂದು ಮಾತು ಹೇಳಬಾರದಿತ್ತಾ ಸಾರ್? ಹನ್ನೊಂದು ವರ್ಷ!"

"ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಯಾವಾಗ ನೋಡಿದ್ರೂ ನಗ್ತಾನೇ ಇರ್ತಿದ್ರಿ." ಬಿಟ್ಟ ದಾರವನ್ನು ಮತ್ತೆ ಕೈಗೆ ತೆಗೆದುಕೊಂಡು ಸೇರಿಸಿದರು, "ಮೊದಮೊದಲು, ಸುಳ್ಳು ಯಾಕೆ ಹೇಳ್ಲಿ, ನನಗೂ ಕೆಲಸ ಬೇಕಿತ್ತು."

ನೀರಕ್ಕನಿಗೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಎಂದು ಹುಡುಕಿದರೆ ತನ್ನ ಹೊರತು ಯಾರೂ ಸಿಗಲಿಲ್ಲ. ಬೇಡ ಎಂದವರು ಒಬ್ಬರೂ ಇರಲಿಲ್ಲ. ಇಬ್ಬರು ಸಾಹೇಬರನ್ನು ನೋಡಿ ತಾನೇ ಒಂದು ನಿಯಮ ಬರೆದು, ತಾನೇ ಅದಕ್ಕೆ ಸಹಿ ಹಾಕಿ, ಹನ್ನೊಂದು ವರ್ಷ ಪಾಲಿಸಿದ್ದಳು. ಅವಳು ನಕ್ಕಳು. ನಗುತ್ತಿರುವಾಗಲೇ ಕಣ್ಣು ತುಂಬಿತು. ಹನ್ನೊಂದು ವರ್ಷವೆಂದರೆ ಕಡಿಮೆಯೇನಲ್ಲ. ಸಾಹೇಬರು ಏನು ಮಾಡಬೇಕೆಂದು ತಿಳಿಯದೆ ತಮ್ಮ ಮುಂದಿನ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು. ಅವಳು ಅದನ್ನು ಮೂಸಿ, ಚೆನ್ನಾಗಿದೆ ಎಂದು ಖಾತ್ರಿ ಮಾಡಿಕೊಂಡೇ ಕುಡಿದಳು.

ಶನಿವಾರ ಬಂತು, ಹೋಯಿತು. ಸಂಜೆ ಎಂ.ಎಸ್ಸಿ.ಯ ಪ್ರಕಟಣೆ ಪರ್ಸಿನಲ್ಲೇ ಉಳಿಯಿತು. ಅದರ ಬದಲು ನೀರಕ್ಕ ಮೇಜಿನ ಮೇಲೆ ಮುಖ್ಯ ವಿಶ್ಲೇಷಕರ ಹುದ್ದೆಯ ಅರ್ಜಿ ಬಿಡಿಸಿಕೊಂಡು ಕೂತಳು. ವಿದ್ಯಾರ್ಹತೆಯ ಕಡೆ "ಬಿ.ಎಸ್ಸಿ." ಎಂದು ಬರೆದಳು, ಅಕ್ಷರ ಸಣ್ಣದು ಮಾಡಲಿಲ್ಲ. ಅನುಭವಕ್ಕೆ ಕೊಟ್ಟಿದ್ದು ಎರಡೇ ಸಾಲು. ಗಂಡ ಒಳಗಿನಿಂದ ಬಿಳಿ ಹಾಳೆ ತಂದುಕೊಟ್ಟ. "ಬಟ್ಟೆ ಸಾಲದಿದ್ರೆ ತೇಪೆ ಹಾಕು" ಎಂದ.

ಸಂದರ್ಶನಕ್ಕೆ ಐದು ಜನ ಬಂದಿದ್ದರು, ನಾಲ್ವರು ಎಂ.ಎಸ್ಸಿ. ಮೇಜಿನ ಆಚೆ ಮೂವರು ಅಧಿಕಾರಿಗಳು. ಎಲ್ಲರ ಮುಂದೆಯೂ ಗಾಜಿನ ಲೋಟದಲ್ಲಿ ನೀರು. ಮಧ್ಯದಲ್ಲಿದ್ದ ಹಿರಿಯರು ಕಾಗದ ತಿರುವಿ, "ನಿಮಗೆ ಸ್ನಾತಕೋತ್ತರ ಪದವಿ ಇಲ್ವಲ್ಲಮ್ಮ" ಎಂದರು.

"ಇಲ್ಲ ಸಾರ್" ಎಂದಳು ನೀರಕ್ಕ. ಮುಂದಿದ್ದ ಲೋಟ ಎತ್ತಿದಳು. ಅಭ್ಯಾಸಬಲ ನೋಡಿ, ಮೂಗು ಮುಂದಾಯಿತು. ಲೋಟ ಹಾಗೇ ಕೆಳಗಿಟ್ಟಳು. "ಸಾರ್, ಇದನ್ನ ಕುಡೀಬೇಡಿ. ಇದು ಮೇಲಿನ ತೊಟ್ಟಿ ನೀರು. ಪಾಚಿ ವಾಸನೆ ಬರ್ತಿದೆ. ತೊಟ್ಟಿ ತೊಳೆದು ಆರು ತಿಂಗಳಾದ್ರೂ ಆಗಿರಬೇಕು."

ಮೂವರಲ್ಲಿ ಇಬ್ಬರ ಲೋಟ ಆಗಲೇ ಖಾಲಿಯಾಗಿತ್ತು. ಮೂರನೆಯವರು ಗುಟುಕು ಬಾಯಲ್ಲಿಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಕಿಟಕಿ ಕಡೆ ನೋಡಿದರು. ಹಿರಿಯರು ಗಂಟೆ ಒತ್ತಿ ಕಟ್ಟಡ ನೋಡಿಕೊಳ್ಳುವವನನ್ನು ಕರೆಸಿದರು. ತೊಟ್ಟಿ ತೊಳೆದು ಎಂಟು ತಿಂಗಳಾಗಿತ್ತು. ಆಮೇಲೆ ನೀರಕ್ಕನಿಗೆ ಪ್ರಶ್ನೆ ಕೇಳಿದ್ದು ಮುಕ್ಕಾಲು ಗಂಟೆ. ಮೊದಲ ಐದು ನಿಮಿಷ ತಮ್ಮ ಹೊಟ್ಟೆಯ ಬಗ್ಗೆ, ಉಳಿದದ್ದು ಕೆಲಸದ ಬಗ್ಗೆ. ಒಂದಕ್ಕೂ ಅವಳು ತಡವರಿಸಲಿಲ್ಲ.

ಅವಳ ಹೆಸರಿಗೆ ಆದೇಶ ಬಂದದ್ದು ಒಂದು ತಿಂಗಳ ಮೇಲೆ. ಸಾಹೇಬರು ಹೋಗುವ ದಿನ ತಮ್ಮ ಪೆನ್ನನ್ನೇ ಅವಳ ಕೈಗಿಟ್ಟರು. ಮರುದಿನ ಎಂಎಸ್ಸಿ ಹುಡುಗಿ ಅಂಕಿ ತುಂಬಿದ ಹಾಳೆ ತಂದು ಮುಂದಿಟ್ಟಳು, ಮೊದಲನೆಯ ಸಾಲೇ ಬ್ಲ್ಯಾಂಕ್. ನೀರಕ್ಕ "ಈ ನೀರು ಕುಡಿಯಲು ಯೋಗ್ಯ" ಎಂಬಲ್ಲಿ ಸಹಿ ಹಾಕಿದಳು. ಸಹಿ ಸ್ವಲ್ಪ ಸೊಟ್ಟಗಾಯಿತು.

ಆ ಸಂಜೆ ಮೇಜಿನ ಮೇಲೆ ಹುರಿಗಡಲೆ ಎಂದಿಗಿಂತ ಹೆಚ್ಚೇ ಇತ್ತು. ಆಟ ಅರ್ಧಕ್ಕೆ ಬಂದಾಗ ಯಥಾಪ್ರಕಾರ ಒಂದು ಜೋಕರು ಮಾಯ. ನೀರಕ್ಕ ಗಂಡನ ಮುಖ ನೋಡಿದಳು, ಗಂಡ ಎಂದಿನಂತೆ ಸೂರು ನೋಡಿದ. ಅವಳು ಎಲೆಗಳನ್ನು ಮಡಿಸಿ ಕೆಳಗಿಟ್ಟಳು.

"ಅತ್ತೆ, ಆ ಜೋಕರನ್ನ ನೀವು ಎಲ್ಲಿ ಬಚ್ಚಿಡ್ತೀರಿ?"

ಗಂಡನ ಕೈಯಿಂದ ಕಡಲೆ ಜಾರಿತು. ಅತ್ತೆ ಮಾತ್ರ ರೆಪ್ಪೆ ಮಿಟುಕಿಸಲಿಲ್ಲ. ಮಂಡಿ ಸ್ವಲ್ಪ ಎತ್ತಿ, ಸೀರೆಯ ಮಡಿಕೆಯಿಂದ ಜೋಕರು ತೆಗೆದು ಮೇಜಿನ ಮಧ್ಯೆ ಇಟ್ಟರು.

"ಇಲ್ಲಿ" ಎಂದರು. "ಹನ್ನೆರಡು ವರ್ಷ ಆಯ್ತು, ಇಬ್ಬರಲ್ಲಿ ಒಬ್ಬರಾದ್ರೂ ಬಾಯಿಬಿಟ್ಟು ಕೇಳಿದ್ರಾ? ಕೇಳಿದ್ರೆ ತಾನೆ ಹೇಳೋದು!"

ನೀರಕ್ಕ ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ಗಂಡ ಹನ್ನೆರಡು ವರ್ಷದ ಕಡಲೆ ವಾಪಸು ಬೇಕೆಂದು ಹಟ ಹಿಡಿದ. ಅತ್ತೆ ಕೇಳಿಸಿಕೊಳ್ಳದವರಂತೆ ಎಲೆಗಳನ್ನೆಲ್ಲ ಕೂಡಿಸಿ, ಈ ಸಲ ಹಂಚಲು ಸೊಸೆಯ ಕೈಗೆ ಕೊಟ್ಟರು.